ಕದಿರೇಶನ ಗಂಟಲು

ಮೊದಲ ಸಲ ಆ ಮಾತು ಬಂದಾಗ ಗಂಗರತ್ನಮ್ಮ ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಿದ್ದಳು. ನಡು ಮಧ್ಯಾಹ್ನ. ಬಾಗಿಲಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಆಮೇಲೆ, "ತಿನ್ನಾವಾಮ್ಮಾ?" ಎಂದರು.

"ಇನ್ನೂ ಎಲ್ಲಿ ಕಣೋ, ನಿಮ್ಮಪ್ಪ ಬರ್ಲಿ. ಕೈ ತೊಳ್ಕೊಂಡು ಕೂತ್ಕೋ," ಎಂದಳು ಗಂಗರತ್ನಮ್ಮ, ಕೋಲು ಬಿಡದೆ.

ಹೇಳಿ ಮುಗಿಸಿದ ಮೇಲೆ ಅವಳ ಕೈ ನಿಂತಿತು. ಊಟ ಆಯಿತಾ ಎಂದು ಈ ಮನೆಯಲ್ಲಿ ಅವಳನ್ನು ತೆಲುಗಿನಲ್ಲಿ ಕೇಳುತ್ತಿದ್ದವನು ಒಬ್ಬನೇ. ಅವಳ ತವರು ಪುಂಗನೂರಿನ ಕಡೆ. ಗಂಡ, ಸೊಸೆ, ನೆರೆಹೊರೆ ಎಲ್ಲರ ಜೊತೆ ಕನ್ನಡ. ಮಗ ಕದಿರೇಶನ ಜೊತೆ ಮಾತ್ರ ಕನ್ನಡದ ನಡುವೆ ಆ ಭಾಷೆಯೂ ಬೆರೆಯುತ್ತಿತ್ತು, ಅವನು ತೊಟ್ಟಿಲಲ್ಲಿದ್ದಾಗಿನಿಂದ. ಆ ಕದಿರೇಶ ಹೈವೇಯಲ್ಲಿ ಲಾರಿಗೆ ಸಿಕ್ಕಿ ಸತ್ತು, ವರ್ಷದ ತಿಥಿಯೂ ಆಗಿಹೋಗಿತ್ತು.

ತಿರುಗಿ ನೋಡಿದಳು. ಹೊಸ್ತಿಲ ಮೇಲೆ ಕದಿರೇಶನ ಮಗಳು ಚಂದನ ಕೂತಿದ್ದಳು. ಆರು ವರ್ಷದ ಹುಡುಗಿ. ಎಂದಿನಂತೆ ಯಾರ ಮುಖವನ್ನೂ ನೋಡದೆ ಬಾಗಿಲ ಸಂದಿನಲ್ಲಿ ಬೆರಳಾಡಿಸುತ್ತಿದ್ದಳು. ಇನ್ನೊಮ್ಮೆ ಗಂಟಲು ಸರಿಮಾಡಿಕೊಂಡಳು, ಬೀಡಿ ಸೇದಿ ಬಂದವರ ಹಾಗೆ.

"ತಿನ್ನಾವಾಮ್ಮಾ?"

ದನಿ ಮಗುವಿನದೇ, ಸಣ್ಣದು. ಆದರೆ ಆ ಎಳೆತ, 'ಅಮ್ಮಾ' ಎನ್ನುವಾಗ ಮೂಗಿಗೇರುವ ರೀತಿ, ಕೊನೆಗೆ ಸುಸ್ತಾದವರಂತೆ ಕೆಳಗಿಳಿಯುವುದು, ಎಲ್ಲವೂ ಅವನದು. ಮುದ್ದೆ ತಳ ಹಿಡಿದ ವಾಸನೆ ಬರುವವರೆಗೂ ಗಂಗರತ್ನಮ್ಮ ಹಾಗೇ ಕೂತಿದ್ದಳು. ಆಮೇಲೆ ಎದ್ದು, ಡಬ್ಬಿಯಿಂದ ಒಂದು ಹುರಿಗಡಲೆ ತೆಗೆದು ಮಗುವಿನ ಬಾಯಿಗೆ ಹಾಕಿದಳು.

ಮಾತಿಗೊಂದು ಕಡಲೆ ಕೊಡುವುದನ್ನು ಅವಳಿಗೆ ಕಲಿಸಿದ್ದು ಸೊಸೆ ದಿವ್ಯಳೇ. ಚಂದನಳಿಗೆ ಆಟಿಸಂ ಇದೆ ಎಂದು ಡಾಕ್ಟರು ಹೇಳಿದ್ದು ಕದಿರೇಶ ಇದ್ದಾಗಲೇ. ಅವನು ಹೋದ ಮೇಲೆ ದಿವ್ಯ ಹಟ ಹಿಡಿದು, ವಾರಕ್ಕೆರಡು ದಿನ ತಮ್ಮೂರು ದೇವರಾಯಸಮುದ್ರದಿಂದ ಹೈವೇಗೆ ಮಗುವನ್ನು ನಡೆಸಿಕೊಂಡು ಹೋಗಿ ಕೋಲಾರದ ಬಸ್ಸು ಹತ್ತುತ್ತಿದ್ದಳು. ಅಲ್ಲಿ ಮೌನಿಕಾ ಮೇಡಂ ಎಂಬಾಕೆ ಇಂಥ ಮಕ್ಕಳಿಗೆ ಥೆರಪಿ ಮಾಡುತ್ತಾರೆ. ಅವರು ಹೇಳಿಕೊಟ್ಟಿದ್ದು ಇಷ್ಟೇ: ಮಗು ಒಂದು ಮಾತು ಆಡಿದ ತಕ್ಷಣ, ಅದು ಉಸಿರು ತೆಗೆದುಕೊಳ್ಳುವುದರೊಳಗೆ, ಇಷ್ಟದ್ದೊಂದು ಚೂರು ಕೊಡಿ. ಯಾವುದಕ್ಕೆ ಸಿಗುತ್ತದೋ ಆ ಮಾತು ಬೆಳೆಯುತ್ತದೆ.

"ಕೋಳಿಗೆ ಕಾಳು ಹಾಕ್ದಂಗೆ," ಎಂದು ಗಂಗರತ್ನಮ್ಮ ನಕ್ಕಿದ್ದಳು.

"ನಗಿ ಅತ್ತೆ, ಆದ್ರೆ ಹಾಕಿ," ಎಂದಿದ್ದಳು ದಿವ್ಯ.

ಹಾಕಿದ್ದಕ್ಕೆ 'ನೀರು' ಬಂತು, 'ಬೇಡ' ಬಂತು, 'ಕೊಡು' ಬಂತು. ಬೇಸಿಗೆ ಕಳೆದು ಸ್ಕೂಲು ತೆರೆಯುವ ಹೊತ್ತಿಗೆ ಬಾಯಾರಿಕೆ, ನೋವು, ಬಚ್ಚಲಿಗೆ ಹೋಗಬೇಕು ಎನ್ನುವುದನ್ನು ತಾನೇ ಹೇಳುವಂತಾದರೆ ಸೇರಿಸಿಕೊಳ್ಳುತ್ತೇವೆ ಎಂದು ಮುಳಬಾಗಿಲಿನ ಒಂದು ಶಾಲೆಯವರು ಒಪ್ಪಿದ್ದರು. ಇಲ್ಲದಿದ್ದರೆ ಆಗುವುದಿಲ್ಲ. ದಿವ್ಯ ಅದೊಂದನ್ನೇ ಹಿಡಿದುಕೊಂಡು ಬದುಕುತ್ತಿದ್ದಳು. ಅವಳು ಗಂಡನಿಗಾಗಿ ಅತ್ತಿದ್ದನ್ನು ಯಾರೂ ನೋಡಿರಲಿಲ್ಲ.

ಹಾಗಾಗಿ ಆ ಮಧ್ಯಾಹ್ನದ ಮಾತನ್ನು ಗಂಗರತ್ನಮ್ಮ ಸೊಸೆಗೆ ಹೇಳಲಿಲ್ಲ.

ಅವರದು ರೇಷ್ಮೆ ಹುಳು ಸಾಕುವ ಮನೆ. ಬೆಳಗಾಗುತ್ತಲೇ ದಿವ್ಯ ಮಾವನ ಜೊತೆ ತೋಟಕ್ಕೆ ಹೋಗಿ ಹಿಪ್ಪುನೇರಳೆ ಸೊಪ್ಪು ಕೊಯ್ದು ತರಬೇಕು. ಅಷ್ಟು ಹೊತ್ತು ಮನೆಯಲ್ಲಿ ಅಜ್ಜಿ ಮೊಮ್ಮಗಳು ಇಬ್ಬರೇ. ಗಂಗರತ್ನಮ್ಮ ಸೆರಗಿನ ತುದಿಗೆ ಹುರಿಗಡಲೆ ಗಂಟು ಹಾಕಿಕೊಂಡು, ಮಗುವನ್ನು ಹಿತ್ತಿಲ ಹುಳುವಿನ ಮನೆಗೆ ಕರೆದೊಯ್ಯುತ್ತಿದ್ದಳು. ಕದಿರೇಶ ದಿನವಿಡೀ ಇರುತ್ತಿದ್ದ ಜಾಗ ಅದು. ಮಗುವೂ ಅವನ ಕಾಲ ಬಳಿ ಚಾಪೆ ಮೇಲೆ ಕೂತಿರುತ್ತಿತ್ತು. ಕಿವಿ ಕೇಳಿಸುವುದಿಲ್ಲವೇನೋ ಎಂದು ಆಗ ಎಲ್ಲರಿಗೂ ಅನುಮಾನ. ಈಗ ನೋಡಿದರೆ ಒಂದು ಮಾತನ್ನೂ ನೆಲಕ್ಕೆ ಬೀಳಲು ಬಿಟ್ಟಿರಲಿಲ್ಲ.

ಹುಳು ಸಾಕುವ ತಟ್ಟೆ ಎಳೆದ ಸದ್ದಾದರೆ, "ಅಮ್ಮಾ, ನಿಧಾನ, ಹುಳ ಉದುರ್ತವೆ." ಬಾಗಿಲು ಕಿರ್ರೆಂದರೆ, "ಹಾಕೇ ಬಾಗಿಲು, ಬಿಸಿಗಾಳಿ." ಒಂದೊಂದಕ್ಕೂ ಒಂದು ಕಡಲೆ. ಕಡಲೆ ಬೀಳುತ್ತಿದ್ದಂತೆ ಇನ್ನೊಂದು ಮಾತು. ಹುಳಗಳು ಸೊಪ್ಪು ತಿನ್ನುವ ಸದ್ದು ಆ ಕೋಣೆಯಲ್ಲಿ ಯಾವಾಗಲೂ ಇರುತ್ತದೆ, ಒಣಗಿದ ಎಲೆಗಳ ಮೇಲೆ ಯಾರೋ ನಿಧಾನ ನಡೆದು ಬರುತ್ತಿರುವಂತೆ. ಅದರ ನಡುವೆ ಮಗನ ಮಾತು. ಗಂಗರತ್ನಮ್ಮ ಕಣ್ಣು ಮುಚ್ಚಿಕೊಂಡು ಉತ್ತರ ಕೊಡುತ್ತಿದ್ದಳು. ಸೊಪ್ಪಿನ ಬೆಲೆ ಹೇಳಿದಳು, ಅಕ್ಕನ ಮಗಳ ಮದುವೆ ನಿಂತುಹೋದದ್ದನ್ನು ಹೇಳಿದಳು. ಊಟದ ಹೊತ್ತಿಗೆ ಅವನ ಸ್ಟೀಲ್ ತಟ್ಟೆ ಹಾಕಿ ಮಗುವನ್ನು ಅವನ ಮಣೆಯ ಮೇಲೆ ಕೂರಿಸಿದಳು. ವಾರ ಕಳೆಯುವುದರೊಳಗೆ ಚಂದನ ತನ್ನ ಪುಟ್ಟ ಬಟ್ಟಲನ್ನು ಮುಟ್ಟುವುದು ಬಿಟ್ಟಳು. ಅಪ್ಪನ ಹಾಗೆ ಒಂದು ಮೊಣಕಾಲು ಎತ್ತಿ ಕೂರುವಳು.

ಪಕ್ಕದ ಮನೆಯ ರಾಮಲಕ್ಷ್ಮಮ್ಮ ಮಜ್ಜಿಗೆ ಕೇಳಲು ಬಂದವಳು ಇದನ್ನು ಕೇಳಿಸಿಕೊಂಡು ಗೋಡೆಗೆ ಆತುಕೊಂಡಳು.

"ಗಂಗಕ್ಕಾ, ಇದು ಮಗೂನಾ?"

"ಸುಮ್ನಿರೇ. ಸೊಸೆ ಹತ್ರ ಬಾಯಿ ಬಿಡ್ಬೇಡ."

"ಬಿಡಲ್ಲ. ಒಂದ್ ಮಾತು ಕೇಳ್ತೀಯಾ? ನಮ್ಮ ಯಜಮಾನ್ರು ಅಲ್ಲಿ ಸಿಕ್ಕಿದ್ರಾ ಅಂತ. ಅಲ್ಲೂ ಕುಡೀತಾರಾ ಅಂತ."

"ಕುಡೀದೆ ಏನ್ ಮಾಡ್ತಾರೆ, ನೀನಿಲ್ವಲ್ಲ ಬೈಯೋಕೆ," ಎಂದಳು ಗಂಗರತ್ನಮ್ಮ. ಇಬ್ಬರೂ ನಕ್ಕರು. ಮಗು ಗಂಟಲು ಸರಿಮಾಡಿಕೊಂಡಿತು. ಇಬ್ಬರ ನಗುವೂ ನಿಂತಿತು.

ಅದೇ ದಿನಗಳಲ್ಲಿ ದಿವ್ಯ ಕೋಲಾರದಿಂದ ಬಂದವಳು ಚಪ್ಪಲಿ ಬಿಡುತ್ತಲೇ ಹೇಳಿದಳು. "ಇವತ್ತು ಬಸ್ಸಲ್ಲಿ ಇವಳು 'ಇಲ್ಲೇ, ಇಲ್ಲೇ ನಿಲ್ಸಣ್ಣ' ಅಂದ್ಲು. ಕಂಡಕ್ಟರ್ ಶೀಟಿ ಊದಿ ನಿಲ್ಸೇಬಿಟ್ಟ. ಯಾರಪ್ಪಾ ಇಳಿಯೋದು, ಕೂಗ್ದೋನು ಯಾರು ಅಂತ ಗಂಡಸರನ್ನೆಲ್ಲಾ ಬೈದ."

ಗಂಗರತ್ನಮ್ಮನ ಗಂಡ ಚನ್ನರಾಯಪ್ಪ ಜಗಲಿಯಲ್ಲಿ ಕೂತು ಕುಡುಗೋಲು ಮಸೆಯುತ್ತಿದ್ದ. "ಯಾರೂ ಇಳೀಲಿಲ್ವಾ?" ಎಂದು ಕೇಳಿದ.

"ಇಲ್ಲ ಮಾವ. ಬಸ್ಸು ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಹೊರಟ್ತು." ದಿವ್ಯ ಅತ್ತೆಯ ಕಡೆ ನೋಡಿದಳು. "ಮೇಡಂ ಕೇಳಿದ್ರು, ಇವಳು ನೀರು, ಬೇಡ ಎಲ್ಲಾ ಯಾಕೆ ಬಿಟ್ಟಿದಾಳೆ ಅಂತ. ಮನೇಲಿ ಬೇರೆ ಯಾರಾದ್ರೂ ಏನಾದ್ರೂ ಕೊಡ್ತಿದೀರಾ ಅಂತ."

"ಉದ್ದುದ್ದ ಮಾತಾಡ್ತಿದಾಳಲ್ಲ, ಅದಕ್ಕೂ ಸಂಕಟಾನಾ ನಿಮಗೆ?" ಎಂದಳು ಗಂಗರತ್ನಮ್ಮ, ಸಾರಿಗೆ ಉಪ್ಪು ಹಾಕುತ್ತಾ. ಹಾಕಿದ್ದನ್ನು ಮರೆತು ಇನ್ನೊಮ್ಮೆ ಹಾಕಿದಳು.

ಗುಟ್ಟು ಒಡೆದದ್ದು ಮಗುವಿನ ಹೊಟ್ಟೆನೋವಿನಿಂದ. ಬೆಳಿಗ್ಗೆಯಿಂದ ಚಂದನ ಏನೂ ತಿಂದಿರಲಿಲ್ಲ. ಚಾಪೆಯ ಮೇಲೆ ಮೊಣಕಾಲು ಎದೆಗೆ ಒತ್ತಿಕೊಂಡು ಮಲಗಿದ್ದಳು. ಹಣೆಯಲ್ಲಿ ಬೆವರು. ಎಲ್ಲಿ ನೋವು, ತೋರಿಸು ಕಂದಾ ಎಂದು ದಿವ್ಯ ಮತ್ತೆ ಮತ್ತೆ ಕೇಳಿದಳು. ಮಗು ಗಂಟಲು ಸರಿಮಾಡಿಕೊಂಡು, ನಿಧಾನವಾಗಿ, ಸಮಾಧಾನ ಹೇಳುವ ದನಿಯಲ್ಲಿ ಹೇಳಿತು:

"ಏನಿಲ್ಲ ಬಿಡೇ ದಿವ್ಯಾ. ಸರಿಹೋಗುತ್ತೆ."

ದಿವ್ಯಳ ಮುಖ ಬೂದಿಯಾಯಿತು. ಮಗು ನೋವಿಗೆ ಮುಲುಗಿತು, ಮತ್ತೆ ಅದನ್ನೇ ಅಂದಿತು. ಗಂಗರತ್ನಮ್ಮ ಬಗ್ಗಿ ಮಗುವನ್ನು ಎತ್ತಿಕೊಳ್ಳಹೋದಳು. ಸೆರಗಿನ ಗಂಟು ಬಿಚ್ಚಿ ಹುರಿಗಡಲೆ ನೆಲದ ತುಂಬ ಚೆಲ್ಲಿತು. ನೋವಿನಲ್ಲೂ ಮಗುವಿನ ಕೈ ಅದರ ಕಡೆ ಹೋಯಿತು. "ಏನಿಲ್ಲ ಬಿಡೇ ದಿವ್ಯಾ," ಎಂದಿತು ಇನ್ನೊಮ್ಮೆ, ಬಾಯಿ ತೆರೆದು ಕಾಯುತ್ತಾ.

ಆಸ್ಪತ್ರೆಯಿಂದ ಬಂದು, ಔಷಧಿ ಕುಡಿಸಿ ಮಗು ನಿದ್ದೆ ಹೋದ ಮೇಲೆ ದಿವ್ಯ ಅಡುಗೆ ಮನೆಗೆ ಬಂದಳು.

"ಎಷ್ಟು ದಿನದಿಂದ ಅತ್ತೆ?"

"ನಾನೇನ್ ವಿಷ ಹಾಕ್ದೆನಾ?"

"ಮಗು ಹೊಟ್ಟೆ ಹಿಡ್ಕೊಂಡು ಸಾಯ್ತಿದ್ರೂ ಏನಿಲ್ಲ ಬಿಡು ಅಂತು. ಅದನ್ನ ಯಾರು ತಿನ್ಸಿ ಬೆಳೆಸಿದ್ದು?"

"ಅವನು ಬರ್ತಾನೆ ಕಣೇ! ನನ್ನ ಮಗ ಬಂದು ಮಾತಾಡ್ತಾನೆ, ನಾನ್ ಬಾಗ್ಲು ಹಾಕ್ಕೊಳ್ಳಾ?"

"ಅವರು ಬರ್ತಿಲ್ಲ. ಇವಳು ಹೋಗ್ತಿದಾಳೆ," ಎಂದಳು ದಿವ್ಯ. ದನಿ ಏರಲಿಲ್ಲ. "ನನಗೂ ಕೇಳ್ಸುತ್ತೆ ಅತ್ತೆ. ನನ್ನ ಹೆಸರು ಹಿಡಿದು ಕರೆದಿದ್ದು. ನನಗೇನು ಕಿವಿ ಇಲ್ವಾ?"

ಗಂಗರತ್ನಮ್ಮ ಅನ್ನ ಬಸಿಯಲು ತಿರುಗಿದಳು.

ಮೌನಿಕಾ ಮೇಡಂ ಮನೆಯ ದೊಡ್ಡವರು ಮೂವರನ್ನೂ ಕರೆಸಿದರು. ಚಿಕ್ಕ ವಯಸ್ಸಿನ ಹುಡುಗಿ. ಬೈಯಲಿಲ್ಲ, ಟೀ ತರಿಸಿ ಕೊಟ್ಟರು. ಮಗು ಕೇಳಿದ್ದನ್ನು ಹಾಗೇ ಹಿಡಿದಿಟ್ಟು ಆಡುವುದು ತಪ್ಪಲ್ಲ, ಅದೂ ಮಾತಿನ ಒಂದು ದಾರಿಯೇ ಎಂದರು. ಆದರೆ ಈಗ ಆ ದಾರಿಯಲ್ಲೇ ಎಲ್ಲಾ ಸಿಗುತ್ತಿರುವುದರಿಂದ ಇನ್ನೊಂದು ದಾರಿ ಮುಚ್ಚಿಹೋಗುತ್ತಿದೆ. "ಆ ದನಿ ಬಂದಾಗ ತಿಂಡಿ ಬೇಡ, ಉತ್ತರ ಬೇಡ. ಅವಳದೇ ಮಾತು ಬಂದ ಕೂಡಲೇ ಕೊಡಿ. ಒಂದು ವಿಷಯ ಅಜ್ಜಿ. ನಿಲ್ಲೋ ಮುಂಚೆ ಅದು ಜಾಸ್ತಿಯಾಗುತ್ತೆ. ತುಂಬಾ ಜಾಸ್ತಿಯಾಗುತ್ತೆ. ಒಬ್ಬರು ಸೋತರೂ ಮೊದಲಿಂದ ಶುರು."

ಬಸ್ಸು ಇಳಿದು ಊರ ದಾರಿ ಹಿಡಿದಾಗ ಚನ್ನರಾಯಪ್ಪ ಬಾಯಿ ತೆರೆದ.

"ಮಣ್ ಮಾಡಿ ಬರೋವಾಗ ತಿರುಗಿ ನೋಡಬಾರ್ದು ಅಂತಾರಲ್ಲ. ನೋಡಿದ್ರೆ ಹಿಂದೇನೇ ಬರ್ತಾರೆ ಅಂತ. ಅವತ್ತು ನಾನು ನೋಡ್ಲಿಲ್ಲ. ನೀನು ನೋಡಿದ್ದೆ ಕಣೇ, ಆಲದ ಮರದ ಹತ್ರ ನಿಂತ್ಕೊಂಡು."

"ನೋಡ್ದೆ," ಎಂದಳು ಗಂಗರತ್ನಮ್ಮ.

"ಈಗ ನೋಡ್ಬೇಡ. ಆ ಹುಡುಗಿ ಹೇಳಿದ್ದೂ ಅದೇ."

ಮೇಡಂ ಹಾಗೆ ಹೇಳಿರಲಿಲ್ಲ. ಆದರೆ ಗಂಗರತ್ನಮ್ಮನ ಮನಸ್ಸಿಗೆ ಹತ್ತಿದ್ದು ಈ ಮಾತು. ಥೆರಪಿ ಎಂದರೆ ಅವಳಿಗೆ ತಿಳಿಯದು. ತಿರುಗದೆ ನಡೆಯುವುದು ತಿಳಿಯುತ್ತದೆ. ಸ್ಕೂಲು ತೆರೆಯುವವರೆಗೆ ತಿರುಗುವುದಿಲ್ಲ ಎಂದು ಮನೆದೇವರ ಮುಂದೆ ಕೈಮುಗಿದಳು.

ಮನೆಯ ರೀತಿಯೇ ಬೇರೆಯಾಯಿತು. ಮುದ್ದೆಗೆ ಕೈ ಹಾಕುವ ಹೊತ್ತಿಗೆ ಬಾಗಿಲಿನಿಂದ ದನಿ ಬರುವುದು, ಮೂವರೂ ತಟ್ಟೆ ನೋಡಿಕೊಂಡು ತಿನ್ನುವರು. "ತಿನ್ನಾವಾಮ್ಮಾ?" ಯಾರೂ ಏಳುವುದಿಲ್ಲ. "ಅಮ್ಮಾ, ಒಂದ್ ಚೊಂಬು ನೀರು ಕೊಡಮ್ಮಾ." ಸಾರು ಸುರಿಯುವ ಸದ್ದು. "ಅಮ್ಮಾ... ಅಮ್ಮಾ." ಗಂಗರತ್ನಮ್ಮ ತುತ್ತನ್ನು ಅಗಿಯದೆ ನುಂಗುವಳು. ದಿವ್ಯ ಮಗುವಿನ ಮುಂದೆ ನೀರಿನ ಲೋಟ ಹಿಡಿದು, "ನೀರು" ಎಂದು ಹೇಳಿ ಕಾಯುವಳು. ಬಂದರೆ ಕೊಡುವಳು. ಬರದಿದ್ದರೆ ಇನ್ನೊಮ್ಮೆ ತಾನೇ ಹೇಳಿ ಕುಡಿಸುವಳು. ಅತ್ತೆ ಮಾತ್ರ ಗೋಡೆಯ ಕಡೆ ಮುಖ ಮಾಡಿ ಕೂರುವಳು. ಮುನಿಸಿಕೊಂಡ ಮದುಮಗಳ ಹಾಗೆ ಕೂತಿದ್ದಾಳೆ ಎಂದು ಚನ್ನರಾಯಪ್ಪ ನಗಿಸಲು ನೋಡಿದ, ಅವಳು ನಗಲಿಲ್ಲ.

ಮೇಡಂ ಅಂದಂತೆಯೇ ಅದು ಜಾಸ್ತಿಯಾಯಿತು. ಬೆಳಕು ಹರಿಯುವುದರಿಂದ ಹಿಡಿದು ದೀಪ ಹಚ್ಚುವವರೆಗೆ. ಯಾರೂ ಕೇಳಿಸಿಕೊಂಡಿರದ ಮಾತುಗಳು ಬರತೊಡಗಿದವು. ಹುಳುವಿನ ಮನೆಯಲ್ಲಿ ಒಬ್ಬನೇ ಇದ್ದಾಗ ಆಡಿಕೊಂಡದ್ದು, ಫೋನಿನಲ್ಲಿ ಯಾರಿಗೋ ಬೈದದ್ದು, ಕೆಟ್ಟ ಹಾಡು. ಒಂದು ದಿನ ಹುಳ ಜ್ವರಕ್ಕೆ ಕೂತಿತ್ತು. ಪೊರೆ ಬಿಡುವ ಮುಂಚೆ ಅವು ತಿನ್ನುವುದನ್ನು ಬಿಟ್ಟು ತಲೆ ಎತ್ತಿ ಅಲುಗಾಡದೆ ಇರುತ್ತವೆ. ಅದಕ್ಕೆ ಜ್ವರ ಎನ್ನುತ್ತಾರೆ. ಕೋಣೆಯಲ್ಲಿ ಸದ್ದೇ ಇರಲಿಲ್ಲ. ಸಾವಿರಾರು ಹುಳ ತಲೆ ಎತ್ತಿ ಕೇಳಿಸಿಕೊಳ್ಳುತ್ತಿದ್ದಂತಿತ್ತು. ದಿವ್ಯ, ಗಂಗರತ್ನಮ್ಮ ಬೆನ್ನಿಗೆ ಬೆನ್ನು ಹಾಕಿ ನೆಲ ಗುಡಿಸುತ್ತಿದ್ದರು. ಚಾಪೆಯ ಕಡೆಯಿಂದ ಗಂಟಲು ಸರಿಮಾಡಿಕೊಂಡ ಸದ್ದು ಬಂತು.

"ಅಪ್ಪ ಅನ್ನು. ಒಂದೇ ಒಂದ್ ಸಲ. ಅಪ್ಪ ಅನ್ನೇ ಬಂಗಾರಿ."

ಆಮೇಲೆ ಮಗು ಸುಮ್ಮನಾಯಿತು, ಯಾರೋ ಉತ್ತರಕ್ಕೆ ಕಾದಷ್ಟು ಹೊತ್ತು.

"ಹೋಗ್ಲಿ ಬಿಡು. ನಾಳೆ ಅಂತೀಯಂತೆ."

ದಿವ್ಯಳ ಕೈಯ ಪೊರಕೆ ನಿಂತದ್ದು ಗಂಗರತ್ನಮ್ಮನಿಗೆ ಕೇಳಿಸಿತು. "ಗುಡಿಸು," ಎಂದಳು ಪಿಸುಮಾತಿನಲ್ಲಿ. "ಗುಡಿಸಮ್ಮಾ." ಪೊರಕೆ ಮತ್ತೆ ಆಡಿತು.

ಜ್ವರ ಬಿಟ್ಟೆದ್ದ ಹುಳುವಿಗೆ ಸೊಪ್ಪು ಕೊಡುವ ಮುಂಚೆ ರೋಗ ತಗುಲದಂತೆ ಸುಣ್ಣದ ಪುಡಿ ಉದುರಿಸುತ್ತಾರೆ. ಮಾರನೇ ದಿನ ದಿವ್ಯ, ಚನ್ನರಾಯಪ್ಪ ತೋಟಕ್ಕೆ ಹೋಗಿದ್ದರು. ಗಂಗರತ್ನಮ್ಮ ಸುಣ್ಣದ ಬಕೆಟ್ಟನ್ನು ಬಾಗಿಲ ಬಳಿ ಇಟ್ಟು, ಒಳಗಿನ ಸಾಲಿಗೆ ಜಾಲರಿಯಲ್ಲಿ ಉದುರಿಸುತ್ತಿದ್ದಳು. ಹಿಂದೆ ಏನೋ ಉರುಳಿತು. ಜೊತೆಗೇ ಆ ದನಿ, ಜೋರಾಗಿ:

"ಅಮ್ಮಾ!"

ಅವಳು ತಿರುಗಲಿಲ್ಲ.

"ಅಮ್ಮಾ! ಅಮ್ಮಾ, ಬಾಮ್ಮಾ!"

ಅವನು ಹೀಗೆ ಕೂಗಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಲಾರಿಯ ಕೆಳಗೆ ಬಿದ್ದಾಗ ಹೀಗೆ ಕೂಗಿದ್ದನೇ? ಆಗ ಮಗು ಅಲ್ಲಿರಲಿಲ್ಲ. ಅವಳು ಜಾಲರಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸುತ್ತಲೇ ಇದ್ದಳು. ಬಿಳಿ ಪುಡಿ ಒಂದೇ ಜಾಗದಲ್ಲಿ ಗುಡ್ಡೆಯಾಯಿತು. ತಿರುಗಬಾರದು. ಈ ಸಲ ತಿರುಗಬಾರದು. "ಅಮ್ಮಾ, ರಾಮ್ಮಾ!" ಅದೇ ಕರೆ, ಈಗ ತೆಲುಗಿನಲ್ಲಿ. ಅವಳು ತುಟಿ ಕಚ್ಚಿದಳು, ರಕ್ತದ ಉಪ್ಪು ಬಂತು.

ಆಗ ಒಂದು ಹೊಸ ದನಿ ಕೇಳಿತು. ಗಂಟಲು ಸರಿಮಾಡಿಕೊಳ್ಳದೆ, ಎಳೆತವಿಲ್ಲದೆ, ಸೀಳಿದ ಹಾಗೆ, ಈ ಮನೆಯಲ್ಲಿ ಯಾರದೂ ಅಲ್ಲದ ದನಿ.

"ಉರಿ!"

ಗಂಗರತ್ನಮ್ಮ ಜಾಲರಿ ಎಸೆದು ತಿರುಗಿದಳು. ಬಕೆಟ್ಟು ಉರುಳಿತ್ತು. ಮಗುವಿನ ತಲೆ, ಮುಖ, ಎರಡು ಕಣ್ಣು ಎಲ್ಲವೂ ಬೆಳ್ಳಗಿತ್ತು. ತೆರೆದ ಬಾಯೊಂದೇ ಕೆಂಪು. "ಉರಿ ಅಜ್ಜಿ! ಉರಿ!"

ಎತ್ತಿಕೊಂಡು ತೊಟ್ಟಿಗೆ ಓಡಿದಳು. ಚೊಂಬಿನ ಮೇಲೆ ಚೊಂಬು ನೀರು ಹುಯ್ದಳು, ರೆಪ್ಪೆ ಬಿಡಿಸಿ ಹುಯ್ದಳು, ಸೀರೆ ಒದ್ದೆಯಾಗಿ ಕಾಲಿಗೆ ಸುತ್ತಿಕೊಳ್ಳುವವರೆಗೂ ಹುಯ್ದಳು.

"ಇನ್ನು ಸ್ವಲ್ಪ ಹೊತ್ತು ತಡವಾಗಿದ್ರೆ ಒಂದು ಕಣ್ಣು ಹೋಗ್ತಿತ್ತು," ಎಂದರು ಮುಳಬಾಗಿಲಿನ ಕಣ್ಣಿನ ಡಾಕ್ಟರು.

ಮನೆಗೆ ಬಂದ ಮೇಲೆ ದಿವ್ಯ ಕೇಳಿದಳು. "ಮೊದಲೇ ಕೂಗ್ಲಿಲ್ವಾ ಅತ್ತೆ?"

"ಕೂಗ್ತು."

"ಮತ್ತೆ?"

"ಅವನು ಕೂಗಿದ್ದು. ನಾನು ತಿರುಗ್ಲಿಲ್ಲ."

"ಮಾತಿಗೆ ಉತ್ತರ ಕೊಡ್ಬೇಡಿ ಅಂದ್ರು ಮೇಡಂ. ಮಗೂನೇ ನೋಡ್ಬೇಡಿ ಅಂದ್ರಾ?"

"ನನಗೆ ಅವೆರಡೂ ಬೇರೆ ಬೇರೆ ಅಂತ ಹೇಗೆ ಗೊತ್ತಾಗ್ಬೇಕು? ನೀನೇ ಹೇಳು!" ಎಂದು ಗಂಗರತ್ನಮ್ಮ ಕೂಗಿದಳು. "ಹೆತ್ತವಳು ಬೆನ್ನು ಹಾಕ್ಕೊಂಡು ನಿಂತಿದ್ದೆ ಕಣೇ. ಅವನು ಅಷ್ಟು ಕೂಗಿದ್ರೂ ನಿಂತಿದ್ದೆ!"

ಚನ್ನರಾಯಪ್ಪ ಎದ್ದು ಹೊರಗೆ ಹೋದ. ದಿವ್ಯ ಅತ್ತೆಗೆ ತಟ್ಟೆ ಹಾಕಿದಳು. ಆ ದಿನ ಅವಳೇ ಮುದ್ದೆ ಕಟ್ಟಿದ್ದಳು. ಗಂಟು ಗಂಟಾಗಿತ್ತು. ಯಾರೂ ಆಡಿಕೊಳ್ಳಲಿಲ್ಲ.

ಅಂದಿನಿಂದ ಚಂದನ ಅಪ್ಪನ ದನಿಯಲ್ಲಿ ಮಾತಾಡಲಿಲ್ಲ. ಸಾರು ಖಾರವಾದರೆ 'ಉರಿ', ಬಿಸಿಲಿಗೂ 'ಉರಿ', ಹಲ್ಲುನೋವಿಗೂ 'ಉರಿ'. ಮೌನಿಕಾ ಮೇಡಂ ಅದನ್ನು ಬಿಡಿಸಿ ಬಿಡಿಸಿ ಬೇರೆ ಬೇರೆ ಮಾತು ಮಾಡಿದರು. ಬಚ್ಚಲಿಗೆ ಕೈ ತೋರಿಸಿ 'ಹೋಗ್ಬೇಕು' ಎನ್ನುವುದು ಬಂತು. ಶಾಲೆಯವರು ಸೇರಿಸಿಕೊಂಡರು. ಮೊದಲ ದಿನ ಯೂನಿಫಾರಂ ಚುಚ್ಚುತ್ತದೆ ಎಂದು ಬಿಚ್ಚಿ ಎಸೆದು 'ಬೇಡ, ಬೇಡ' ಎಂದು ಬೀದಿಗೆಲ್ಲಾ ಕೇಳುವಂತೆ ಕಿರುಚಿದಳು. ದಿವ್ಯ ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡಳು, ಕಣ್ಣು ಒರೆಸಿಕೊಂಡಳು, ಹೊಲಿಗೆ ಬಿಚ್ಚಿ ಒಳಗೆ ಹತ್ತಿ ಬಟ್ಟೆ ಕೊಟ್ಟು ಹೊಲಿದಳು.

ಗಂಗರತ್ನಮ್ಮ ಮೊಮ್ಮಗಳಿಗೆ ಜಡೆ ಹೆಣೆದು ಬಸ್ಸಿಗೆ ಕಳಿಸಿ, ಹುಳುವಿನ ಮನೆಗೆ ಹೋಗುವಳು. ಹುಳುವಿನ ಹೊಸ ಬೆಳೆ ಏರಿಸಿದ್ದರು. ಚಾಪೆ ಸುತ್ತಿಟ್ಟಿತ್ತು. ತಟ್ಟೆ ಎಳೆದರೆ ತಟ್ಟೆಯ ಸದ್ದು, ಬಾಗಿಲು ಕಿರ್ರೆಂದರೆ ಬಾಗಿಲಿನ ಸದ್ದು, ಅಷ್ಟೇ. ಮಧ್ಯೆ ಮಧ್ಯೆ ಕೆಲಸ ನಿಲ್ಲಿಸಿ ಕೇಳುವಳು. ಹುಳ ತಿನ್ನುತ್ತಿದ್ದವು.

ಮಳೆ ಹಿಡಿಯುವ ಮುಂಚಿನ ಒಂದು ಬೆಳಿಗ್ಗೆ, ಹುಳ ಹಣ್ಣಾಗಿ ಗೂಡು ಕಟ್ಟಲು ತಲೆ ಎತ್ತುತ್ತಿದ್ದವು. ಮೈಯೆಲ್ಲಾ ತಿಳಿ ಹಳದಿ. ಅವನ್ನು ಒಂದೊಂದಾಗಿ ಆಯ್ದು, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದಾಗ ಗಂಗರತ್ನಮ್ಮನ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಯಿತು. ಸರಿಮಾಡಿಕೊಂಡಳು.

"ಬೆಳೆ ಚೆನ್ನಾಗೈತೆ ಕಣಮ್ಮಾ ಈ ಸಲ," ಎಂದಿತು ಬಾಯಿ.

ದನಿ ಮೂಗಿಗೇರಿ, ಸುಸ್ತಾದಂತೆ ಕೆಳಗಿಳಿಯಿತು. ಕೈಯಲ್ಲಿದ್ದ ಹುಳ ಬೆರಳನ್ನು ಸುತ್ತಿಕೊಂಡು ತಲೆ ಆಡಿಸಿತು. ಅವಳು ಇನ್ನೊಮ್ಮೆ ಗಂಟಲು ಸರಿಮಾಡಿಕೊಂಡಳು. "ನೀನ್ ಕೂತ್ಕೋ, ನಾನ್ ಮಾಡ್ತೀನಿ."

ಸೊಪ್ಪಿನ ಬುಟ್ಟಿ ಹೊತ್ತ ದಿವ್ಯ ಬಾಗಿಲಲ್ಲೇ ನಿಂತಿದ್ದಳು. ಯಾವಾಗ ಬಂದಳೋ. ಗಂಗರತ್ನಮ್ಮ ಅವಳನ್ನು ನೋಡಿದಳು. ಏನಾದರೂ ಅನ್ನಲಿ, ಬೈಯಲಿ, ಅತ್ತೆ ಎಂದಾದರೂ ಕರೆಯಲಿ ಎಂದು ಕಾದಳು.

ದಿವ್ಯ ಬುಟ್ಟಿ ಇಳಿಸಿದಳು. ಬೆನ್ನು ತಿರುಗಿಸಿಕೊಂಡು, ಕೊನೆಯ ಸಾಲಿನ ತಟ್ಟೆಗೆ ಸೊಪ್ಪು ಹರಡತೊಡಗಿದಳು.